ತಪ್ಪಿ ಬಂದ ಕರೆ

ಕೈರೋ, ನಸ್ರ್ ಸಿಟಿ
ನವೆಂಬರ್ 9, ಭಾನುವಾರ

ಪ್ರೀತಿಯ ಅಮ್ಮಾ, ನಿನ್ನ ಎರಡೂ ಕೈಗಳಿಗೆ ಮುತ್ತು.

ಮಂಡಿನೋವು ಹೇಗಿದೆ? ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟಕ್ಕೆ ಮೊದಲೇ ನುಂಗುತ್ತಿದ್ದೀಯ ತಾನೇ? ಬುಧವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತು ಅನ್ನಲು ನನಗೂ ಮುಖವಿಲ್ಲ. ಅದಕ್ಕೇ ನಮ್ಮೂರು ಜಿಫ್ತಾಕ್ಕೆ ವ್ಯಾನ್ ಓಡಿಸುವ ಬಯೂಮಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಮ್ಮ ಕಚೇರಿಯ ಸಭೆಯ ಕೋಣೆಗಳಲ್ಲಿ ಗೋಡೆತುಂಬ ಪರದೆ, ಅದಕ್ಕೊಂದು ವಿಡಿಯೊ ಕರೆಯ ಯಂತ್ರ ಇರುತ್ತದೆಂದು ಹೇಳಿದ್ದೆನಲ್ಲ. ಒಂದೊಂದು ಕೋಣೆಗೂ ಅದರದೇ ಖಾತೆ, ಅದರದೇ ಪಾಸ್‌ವರ್ಡ್. ಆ ಬುಧವಾರ ಅದೆಂಥದೋ ಹಾಳು ಅಪ್‌ಡೇಟ್ ಬಂದು ಎಲ್ಲ ಕೋಣೆಗಳೂ ಲಾಗೌಟ್ ಆಗಿ ಕೂತಿದ್ದವು. ಕೆಲವು ಯಂತ್ರಗಳ ಗಡಿಯಾರವೇ ತಪ್ಪಿತ್ತು, ಸರಿಮಾಡಿದೆ. ಕೆಲವಕ್ಕೆ ಹಳೆಯ ಲಾಗಿನ್ ಅಳಿಸಿ ಹೊಸದಾಗಿ ಹಾಕಿದೆ. ದೊಡ್ಡ ಕೋಣೆ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅದರ ಹೊಸ ಪಾಸ್‌ವರ್ಡ್ ಕೊಡಬೇಕಾದವರು ರಜೆಯಲ್ಲಿದ್ದರು. ನಿರ್ದೇಶಕ ಫಹೀಮ್ ಸಾಹೇಬರು ಬಾಗಿಲಲ್ಲೇ ನಿಂತು, “ಏನಪ್ಪಾ ವಗ್ದಿ, ಹಬ್ಬಕ್ಕಾದರೂ ಆಗುತ್ತಾ?” ಅಂದರು. ಅವಸರಕ್ಕೆ ನನ್ನ ಸ್ವಂತ ಖಾತೆ ಹಾಕಿಬಿಟ್ಟೆ. ಪರದೆ ಬೆಳಗಿತು, ಭೇಷ್ ಅನ್ನಿಸಿಕೊಂಡೆ. ನನ್ನ ಖಾತೆಗೆ ಬರುವ ಕರೆಯೆಲ್ಲ ಇನ್ನು ಅಲ್ಲೇ ಬರುತ್ತದೆ, ಆ ಯಂತ್ರ ಯಾರನ್ನೂ ಕೇಳದೆ ಎತ್ತುತ್ತದೆ ಅನ್ನುವುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

ನೀನು ಆಗಲೇ ಕರೆ ಮಾಡಿದೆ. ಸಾಹೇಬರ ತಲೆಯ ಮೇಲೆ ಗೋಡೆಯಷ್ಟಗಲ ನಿನ್ನ ಮುಖ, ಕೈಯಲ್ಲಿ ಅರ್ಧ ಪುಕ್ಕ ಕಿತ್ತ ಬಾತುಕೋಳಿ. “ಲೋ ವಗ್ದಿ, ಶುಕ್ರವಾರ ಊಟಕ್ಕೆ ಬರ್ತೀಯೋ, ಇಲ್ಲಾ ಆ ಬೋಳುತಲೆ ಸಾಹೇಬನ ಕಾಲೊತ್ತುತ್ತಾ ಕೂರ್ತೀಯೋ?” ಬೋಳುತಲೆಯವರು ತಿರುಗಿ, “ಯಾರಿದು?” ಅಂದರು. ಅಮ್ಮಾ, ನನಗೆ ಭಯವಾಯಿತು. ಭಯಕ್ಕಿಂತ ನಾಚಿಕೆ ಹೆಚ್ಚಾಯಿತು, ಸುಳ್ಳೇಕೆ ಹೇಳಲಿ. “ಗೊತ್ತಿಲ್ಲ ಸರ್, ಯಾರೋ ಹೆಂಗಸು, ತಪ್ಪಿ ಬಂದ ಕರೆ” ಅಂದೆ.

ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಬಾತುಕೋಳಿಯನ್ನು ಕೆಳಗಿಟ್ಟು, ತಲೆವಸ್ತ್ರ ಸರಿಮಾಡಿಕೊಂಡು, “ಹೌದು ಸಾಹೇಬರೇ, ನನ್ನ ಮಗನಿಗೆ ಅಂತ ಮಾಡಿದ್ದು, ಎಲ್ಲಿಗೋ ಹೋಯ್ತು. ತೊಂದರೆ ಕೊಟ್ಟೆ, ಮನ್ನಿಸಿ” ಅಂದೆ. ಆಡಿದ ಮಾತು ನನ್ನದು, ಮನ್ನಿಸಿ ಅಂದವಳು ನೀನು. ಶುಕ್ರವಾರ ಇಲ್ಲಿನ ಬಸ್ ನಿಲ್ದಾಣದವರೆಗೆ ಹೋಗಿ ವಾಪಸಾದೆ. ಈಗ ಎಲ್ಲ ಕೋಣೆಗಳೂ ಅವುಗಳದೇ ಹೆಸರಿನಲ್ಲಿ ನಡೆಯುತ್ತಿವೆ. ನನಗೆ ಮಾತ್ರ ಅನ್ನ ಸೇರುತ್ತಿಲ್ಲ.

ದೇವರು ನಿನ್ನನ್ನು ನಮ್ಮ ತಲೆಯ ಮೇಲೆ ಸದಾ ನೆರಳಾಗಿ ಇಟ್ಟಿರಲಿ. ಪಕ್ಕದ ಮನೆಯ ಅತ್ತೆಗೆ ಸಲಾಂ ಹೇಳು.

ನಿನ್ನ ಮಗ,
ವಗ್ದಿ

ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಲಕೋಟೆ ಅಂಟಿಸುತ್ತಿದ್ದಾಗ ಫಹೀಮ್ ಸಾಹೇಬರು ಬಂದು, “ಪಾಪ, ಆ ಹೆಂಗಸಿಗೆ ಮಗ ಸಿಕ್ಕನೇನಯ್ಯಾ?” ಅಂತ ಕೇಳಿದರು. ಎಲ್ಲರೂ ಇದ್ದರು. “ನಾನೇ ಸರ್ ಅವಳ ಮಗ” ಅಂದೆ. ಅವರು, “ಮತ್ತೆ ಇಲ್ಲೇನು ಮಾಡ್ತಾ ಕೂತಿದೀಯ?” ಅಂದರು. ಬಯೂಮಿಯ ವ್ಯಾನ್ ತುಂಬಿದೆ, ನಾನು ಅದರ ಹಿಂದೆಯೇ ಹೊರಡುವ ಬಸ್ಸಿನಲ್ಲಿ ಬರುತ್ತಿದ್ದೇನೆ. ಬಾಗಿಲು ತಟ್ಟಿದಾಗ, ಯಾರೋ ತಪ್ಪಿ ಬಂದವನು ಅನ್ನಬೇಡಮ್ಮಾ.