ಇಬ್ಬರೂ ಸರಿಯಾಗಿ ನೋಡಿದ ಗ್ಯಾಲಕ್ಸಿ

ಕಿಸೊ
18 ನವೆಂಬರ್ 2023

ಮಗು ಯಾಸುಹಿತೊ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ದಿನವಿಡೀ ಬಗ್ಗಿ ಕನ್ನಡಕದ ಗಾಜು ಉಜ್ಜಿದರೆ ಇನ್ನೇನಾಗುತ್ತದೆ! ಇಲ್ಲಿ ಮೊದಲ ಹಿಮ ಬಿತ್ತು. ಚಳಿಗಾಲಕ್ಕೆಂದು ಕೆಂಪು ಟರ್ನಿಪ್ ಗಡ್ಡೆಯ ಸೊಪ್ಪು ಹುಳಿ ಬರಲು ಹಾಕಿದ್ದೇನೆ, ಒಬ್ಬಳೇ. ನಿನ್ನಪ್ಪ ಕೈಯಿಟ್ಟಿದ್ದರೆ ಅದೂ ಕೆಡುತ್ತಿತ್ತು.

ನೀವಿಬ್ಬರೂ ಯಾವ ಗ್ಯಾಲಕ್ಸಿಗಾಗಿ ಹದಿನೇಳು ವರ್ಷದಿಂದ ಮಾತು ಬಿಟ್ಟಿದ್ದೀರೋ, ಅದರ ಸುದ್ದಿ ಬಂದಿದೆ. 1984ರಲ್ಲಿ ನಿನ್ನಪ್ಪ ತಾವು ಕೆಲಸಕ್ಕಿದ್ದ ಬೆಟ್ಟದ ವೀಕ್ಷಣಾಲಯದಿಂದ ಅದನ್ನು ನೋಡಿ, ನಡುಭಾಗ ಧಗಧಗ ಹೊಳೆಯುತ್ತಿದೆ ಎಂದು ಬರೆದಿಟ್ಟರು. 2006ರಲ್ಲಿ, ವಿದ್ಯಾರ್ಥಿಯಾಗಿದ್ದ ನೀನು ನೋಡಿ, ಅಲ್ಲಿ ಅಂಥದ್ದೇನೂ ಇಲ್ಲ ಎಂದೆ. "ಅಪ್ಪ ಪಕ್ಕದ್ದನ್ನ ನೋಡಿರ್ಬೇಕು" ಎಂದು ನೀನು. "ದೂರದರ್ಶಕ ತಿರುಗಿಸೋಕೂ ಬರದವನು" ಎಂದು ಅವರು, ಅದೂ ತುಂಬಿದ ಸಭೆಯಲ್ಲಿ. ನೀನು ಓದು ಬಿಟ್ಟು ಮತ್ಸುಯೆಯಲ್ಲಿ ಕನ್ನಡಕದಂಗಡಿ ಇಟ್ಟೆ. ಇಬ್ಬರದೂ ಒಂದೇ ಮೂಗು, ಒಂದೇ ಹಟ.

ಕಳೆದ ತಿಂಗಳು, ಈಗ ಆ ವೀಕ್ಷಣಾಲಯದಲ್ಲಿ ಕೆಲಸ ಮಾಡುವ ಹುಡುಗಿ ಇಸಾಕಾ ಮನೆಗೆ ಬಂದಿದ್ದಳು. ನಿಮ್ಮಿಬ್ಬರ ಹಳೆಯ ದಾಖಲೆಗಳನ್ನೂ ತನ್ನ ಹೊಸದನ್ನೂ ಪಕ್ಕಪಕ್ಕ ಇಟ್ಟು, ನಿನ್ನಪ್ಪನಿಗೆ "ಇಬ್ರೂ ನೋಡಿದ್ದು ಇದನ್ನೇ, ಮೇಷ್ಟ್ರೇ. ನೀವೂ ಸರಿ, ನಿಮ್ಮ ಮಗನೂ ಸರಿ" ಎಂದಳು. ನಡುವಿನ ಕಪ್ಪುಕುಳಿಗೆ ಸುತ್ತಲಿನ ಅನಿಲ ಬಂದು ಬೀಳುವಷ್ಟು ದಿನ ಹೊಳಪಂತೆ, ಅದು ಕಡಿಮೆಯಾದರೆ ಸೌದೆ ಮುಗಿದ ಒಲೆಯ ಹಾಗೆ ಆರುತ್ತದಂತೆ. ಇದಕ್ಕೆ ಸಾವಿರಾರು ವರ್ಷವಾದರೂ ಬೇಕು ಎಂದುಕೊಂಡಿದ್ದರಂತೆ, ಆದರೆ ಕೆಲವು ಹತ್ತಿಪ್ಪತ್ತು ವರ್ಷದಲ್ಲೇ ತಣ್ಣಗಾಗುತ್ತವಂತೆ. ಗ್ಯಾಲಕ್ಸಿಯೇ ಅಷ್ಟರಲ್ಲಿ ತಣ್ಣಗಾಗುವುದಾದರೆ ನಿಮಗಿಬ್ಬರಿಗೇನು ಧಾಡಿ?

ನಿನ್ನಪ್ಪ ಅವಳು ತಂದ ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, "ಅಚ್ಚು ಸರಿಯಿಲ್ಲ" ಎಂದರು. ನಿನಗೆ ಫೋನ್ ಮಾಡಿ ಎಂದರೆ, "ಸೋಬಾ ಆರಿಹೋಗುತ್ತೆ, ಮೊದಲು ಊಟ" ಎಂದರು. ಅದು ತಣ್ಣಗೇ ತಿನ್ನುವ ಸೋಬಾ ಶಾವಿಗೆ! ನನಗಂತೂ ಸಾಕುಸಾಕಾಗಿದೆ. ನಿಮ್ಮಿಬ್ಬರ ನಡುವೆ ನಿಂತು ನನ್ನ ಕೂದಲೆಲ್ಲ ಬೆಳ್ಳಗಾಯಿತು.

ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೋ. ಸೊಸೆಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ,
ಕಿನುಯೊ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಈ ವಾರ ನಿನ್ನಪ್ಪ ಎರಡು ಸಲ ಮೆಟ್ಟಿಲು ಕಾಣದೆ ಮುಗ್ಗರಿಸಿದರು. ನಿನ್ನೆ ಪೇಟೆಯ ಕನ್ನಡಕದಂಗಡಿಗೆ ಎಳೆದುಕೊಂಡು ಹೋದೆ. ಪರೀಕ್ಷೆಯ ಕುರ್ಚಿಯಿಂದ ಅರ್ಧಕ್ಕೇ ಎದ್ದುಬಿಟ್ಟರು. "ಬೇಡ ಬಿಡಿ, ನನ್ನ ಮಗನ ಹತ್ರ ಮಾಡಿಸ್ಕೋತೀನಿ. ಅವನು ಸರಿಯಾಗಿ ನೋಡ್ತಾನೆ. ಆವತ್ತೂ ಸರಿಯಾಗೇ ನೋಡಿದ್ದ" ಎಂದರು. ಅಂಗಡಿಯವನಿಗೆ ತಲೆಬುಡ ತಿಳಿಯಲಿಲ್ಲ. ನಿನ್ನ ಗಾಜುಗಳ ಪೆಟ್ಟಿಗೆ ಹಿಡಿದುಕೊಂಡು ಬಾ, ಮಗು.