ಸಿಸ್ಟರ್ ಓದಿದ ಚೀಟಿ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.40

ಮೂವತ್ತೆಂಟು ರೋಗಿಗಳನ್ನು ನೋಡಿಯಾಯಿತು. ಹನ್ನೊಂದು ಜನ ಇನ್ನೂ ಬೆಂಚಿನ ಮೇಲೆ. ಬಾಯಿ ಬಿಡದೆ ಓಪಿಡಿ ನಡೆಸುತ್ತಿರುವುದು ಇವತ್ತಿಗೆ ಮೂರನೆಯ ದಿನ. ಗಂಟಲಿನ ಡಾಕ್ಟರು ಧ್ವನಿಪೆಟ್ಟಿಗೆಯ ಗಂಟು ತೆಗೆದು, ಹದಿನೇಳನೇ ತಾರೀಕಿನವರೆಗೆ ಪಿಸುಮಾತೂ ಕೂಡದು ಎಂದಿದ್ದಾರೆ. ರಜೆ ಕೇಳಿದರೆ ಮೇಲಿನವರು, ಬದಲಿಗೆ ಯಾರೂ ಇಲ್ಲ, ಬರೆದು ತೋರಿಸಿ ಎಂದರು.

ಬರೆದು ತೋರಿಸಿದೆ. ಯಾರಿಗೂ ಓದಲಾಗಲಿಲ್ಲ. ಬ್ರಹ್ಮ ಬರೆದ ಹಣೆಬರಹವನ್ನಾದರೂ ಓದುವವರು ಸಿಕ್ಕಾರು, ನನ್ನ ಅಕ್ಷರ ಓದುವುದು ಹತ್ತೊಂಬತ್ತು ವರ್ಷದಿಂದ ಜೊತೆಗಿರುವ ಸಿಸ್ಟರ್ ಒಬ್ಬರೇ. ಹಾಗಾಗಿ ನಾನು ಚೀಟಿ ಬರೆಯುವುದು, ಅವರು ಓದಿ ಹೇಳುವುದು.

ಮನೆಯಲ್ಲಿ ನಮ್ಮ ಯಜಮಾನರಿಗೆ ಹಬ್ಬ. ಮದುವೆಯಾದ ಮೇಲೆ ಮೊದಲ ಸಲ ತಮ್ಮ ಮಾತು ಪೂರ್ತಿಯಾಗುತ್ತಿದೆಯಂತೆ. ಇರಲಿ. ನನಗೂ ಒಂದು ಕಾಲ ಬರುತ್ತದೆ.

ಮಾರ್ಚ್ 4, ಮಂಗಳವಾರ

ಸಿಸ್ಟರ್ ಮೋಸ ಮಾಡುತ್ತಿದ್ದಾರೆ. ಒಬ್ಬ ಅಜ್ಜಿಗೆ ನಾನು ಬರೆದದ್ದು: ‘ಸಕ್ಕರೆ ಮುನ್ನೂರು. ಬಾಯಿ ಕಟ್ಟದಿದ್ದರೆ ಕಾಲು ಹೋಗುತ್ತೆ.’ ಅವರು ಓದಿದ್ದು: “ಅಜ್ಜಿ, ನಿಮ್ಮ ಕಾಲು ಉಳೀಬೇಕು ಅಂತಿದಾರೆ ಡಾಕ್ಟ್ರು. ಸ್ವಲ್ಪ ದಿನ ಸಿಹಿ ಬಿಡ್ತೀರಾ?” ಅಜ್ಜಿ ನನ್ನ ಕೆನ್ನೆ ಸವರಿ ಹೋದರು. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಕೆನ್ನೆ ಸವರಿದ್ದಿಲ್ಲ. ಮೇಜು ಕುಟ್ಟಿದೆ. ಸಿಸ್ಟರ್ ನನ್ನ ಕಡೆ ನೋಡಲೇ ಇಲ್ಲ.

ಹೋದ ವರ್ಷ ನಮಗೆಲ್ಲ ಒಂದು ತರಬೇತಿ ಇತ್ತು. ರೋಗಿಗಳ ಜೊತೆ ಕರುಣೆಯಿಂದ ಮಾತಾಡುವುದು ಹೇಗೆ ಅಂತ. ಒಬ್ಬೊಬ್ಬರನ್ನು ಕರೆಯುವ ಮೊದಲೂ ಮೂರು ಸಲ ನಿಧಾನವಾಗಿ ಉಸಿರೆಳೆಯಬೇಕಂತೆ, ಮನಸ್ಸು ಅಲ್ಲೇ ಇರಬೇಕಂತೆ. ಐವತ್ತು ಜನಕ್ಕೆ ನೂರೈವತ್ತು ಉಸಿರು, ಅಷ್ಟರಲ್ಲಿ ಇನ್ನೂ ಇಬ್ಬರನ್ನು ನೋಡಬಹುದು ಎಂದು ಎದ್ದು ಹೇಳಿದೆ. ಎಲ್ಲರೂ ನಕ್ಕರು. ಸರ್ಟಿಫಿಕೇಟು ಡ್ರಾಯರಿನಲ್ಲಿದೆ.

ಮಾರ್ಚ್ 6, ಗುರುವಾರ. 2.15

ಲಿಫ್ಟ್ ಮೆಕ್ಯಾನಿಕ್ ಬಂದಿದ್ದರು. ಐವತ್ತರ ಆಸುಪಾಸು. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೂತು ಮಂಡಿ ನೋವು. ಎರಡು ತಿಂಗಳಿಗೊಮ್ಮೆ ಬರುತ್ತಾರೆ, ಮಾತ್ರೆ ಬರೆಸಿಕೊಂಡು ಹೋಗುತ್ತಾರೆ. ಪ್ರತಿ ಸಲವೂ ಬಾಗಿಲ ತನಕ ಹೋಗಿ ತಿರುಗುತ್ತಾರೆ, “ಇನ್ನೊಂದು ವಿಷ್ಯ, ಡಾಕ್ಟ್ರೇ...” ಎನ್ನುತ್ತಾರೆ. ನಾನು ಅರ್ಧಕ್ಕೇ ಕತ್ತರಿಸಿ, ಆಯ್ತು, ಮುಂದಿನ ಸಲ, ಎನ್ನುತ್ತೇನೆ. ಇವತ್ತೂ ತಿರುಗಿದರು. ನಾನು ತಡೆಯುವುದನ್ನು ಕಾಯುತ್ತ ನಿಂತರು. ತಡೆಯಲು ನನಗೆ ಬಾಯಿ ಇಲ್ಲ. ವಾಪಸು ಬಂದು ಕೂತರು.

ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದಂತೆ. ಆರು ತಿಂಗಳಾಯಿತು. ಈಗ ನೀರೂ ನಿಧಾನ. ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆದುಕೊಂಡಿದ್ದಾರೆ, ತೋರಿಸಿದರು. “ಊಟ ಬಲ್ಲವನಿಗೆ ರೋಗ ಇಲ್ಲ ಅಂತಾರೆ. ನನಗೆ ನೋಡಿ, ಊಟಾನೇ ರೋಗ” ಎಂದು ತಾವೇ ನಕ್ಕರು.

ಆಮೇಲೆ, “ಮುಂಚೇನೂ ಹೇಳಿದ್ದೆ. ನೀವು ಬಿಜಿ ಇದ್ರಿ” ಎಂದರು. ದೂರಲ್ಲ. ತಮ್ಮದೇ ತಪ್ಪು ಅನ್ನುವ ಹಾಗೆ.

ಅದೇ ದಿನ, ಸಂಜೆ 6.30

ಅವರ ಹಳೆಯ ಕಾರ್ಡ್ ತೆಗೆಸಿದೆ. ಸೆಪ್ಟೆಂಬರ್: ‘ಮಂಡಿ. ನುಂಗಲು ಕಷ್ಟ? ಗ್ಯಾಸ್. ಮಾತ್ರೆ.’ ನವೆಂಬರ್: ‘ಮಂಡಿ. ನುಂಗಲು — ಹಾಗೇ ಇದೆ. ಗ್ಯಾಸ್ ಮಾತ್ರೆ ಮುಂದುವರಿಸಿ.’ ಜನವರಿಯಲ್ಲೂ ಅದೇ.

ಮೂರೂ ನನ್ನ ಅಕ್ಷರ. ಅಂದರೆ ಕೇಳಿಸಿಕೊಂಡಿದ್ದೇನೆ. ಬರೆದೂ ಇದ್ದೇನೆ. ಆ ಮನುಷ್ಯನ ಮುಖ ಮಾತ್ರ ಒಮ್ಮೆಯೂ ನೋಡಿಲ್ಲ. ನಾಡಿದ್ದು ಅವರನ್ನು ಎಂಡೋಸ್ಕೋಪಿಗೆ ಕರೆಸಲು ಚೀಟಿ ಬರೆದೆ.

ಮಾರ್ಚ್ 8, ಶನಿವಾರ

ಮೆಕ್ಯಾನಿಕ್‌ನ ಗಂಟಲಿಗೆ ಟ್ಯೂಬ್ ಹಾಕಿ ನೋಡಿದರು. ಪಕ್ಕದಲ್ಲೇ ನಿಂತಿದ್ದೆ. ಅನ್ನನಾಳದಲ್ಲಿ ಗಡ್ಡೆ. ಚೂರು ತೆಗೆದು ಕಳಿಸಿದ್ದಾರೆ. ಸ್ಕ್ಯಾನಿಗೂ ಬರೆದಿದ್ದೇನೆ. ಏನೆಂದು ತಿಳಿಯಲು ರಿಪೋರ್ಟ್ ಬೇಕೇ? ಬೇಡ. ಆದರೂ...

ಮಾರ್ಚ್ 14, ಶುಕ್ರವಾರ

ಬಂತು. ಅದೇ. ಲಿವರಿಗೂ ಹೋಗಿದೆ. ಆಪರೇಷನ್ ಮಾಡುವ ಹಂತ ದಾಟಿದೆ. ಸೆಪ್ಟೆಂಬರಿನಲ್ಲೇ ಆಗಿದ್ದರೆ? ಸರ್ಜನ್‌ಗೆ ದೊಡ್ಡಕ್ಷರದಲ್ಲಿ ಬರೆದು ಕೇಳಿದೆ. ಕಾರ್ಡ್ ನೋಡಿದರು, ನನ್ನನ್ನು ನೋಡಿದರು. “ಆಗ ಮಾಡಬಹುದಿತ್ತೇನೋ” ಎಂದರು. ಆ ‘ಏನೋ’ವನ್ನು ನನಗೋಸ್ಕರ ಸೇರಿಸಿದ್ದು.

ಮೆಕ್ಯಾನಿಕ್‌ಗೆ ನಾಳೆ ಬರಹೇಳಿದ್ದೇನೆ. ಸೋಮವಾರದ ತನಕ ಕಾದರೆ ನನ್ನ ಬಾಯಿಂದಲೇ ಹೇಳಬಹುದು. ಆದರೆ ಕಾಯಿಸಿದ್ದು ಸಾಲದೆ?

ಮಾರ್ಚ್ 15, ಶನಿವಾರ. ಮಧ್ಯಾಹ್ನ

ನಾಲ್ಕು ಸಲ ಹರಿದು, ಐದನೆಯ ಸಲ ಒಂದು ಪುಟ ಬರೆದೆ. ಇದು ಕ್ಯಾನ್ಸರ್. ಗುಣವಾಗುವುದಿಲ್ಲ. ನೋವಿಗೆ, ಊಟ ಇಳಿಯುವುದಕ್ಕೆ ದಾರಿ ಇದೆ, ಅದನ್ನು ಮಾಡುತ್ತೇವೆ. ನೀವು ಸೆಪ್ಟೆಂಬರಿನಲ್ಲೇ ಹೇಳಿದ್ದಿರಿ. ಮೂರು ಸಲ ಹೇಳಿದ್ದಿರಿ. ನಾನು ಗಮನ ಕೊಡಲಿಲ್ಲ. ತಪ್ಪು ನನ್ನದು.

ಒಬ್ಬರೇ ಬಂದರು. ಸಿಸ್ಟರ್ ಪುಟವನ್ನು ಮನಸ್ಸಿನಲ್ಲೇ ಪೂರ್ತಿ ಓದಿಕೊಂಡರು. ಕುರ್ಚಿ ಎಳೆದು ಅವರ ಪಕ್ಕ ಕೂತರು. ರೋಗದ ಹೆಸರು ಹೇಳಿದರು, ಗುಣವಾಗುವುದಿಲ್ಲ ಎಂದೂ ಹೇಳಿದರು, ಎಷ್ಟು ಮೆತ್ತಗೆ ಎಂದರೆ ನನಗೆ ಜನ್ಮದಲ್ಲಿ ಬರಲಿಕ್ಕಿಲ್ಲ. ಕೊನೆಗೆ ಹೇಳಿದ್ದು: “ಇದು ಗೊತ್ತಾಗೋ ಹಾಗೆ ಬರೋ ಕಾಯಿಲೆ ಅಲ್ಲ ಅಂತ ಬರ್ದಿದಾರೆ. ಮೊದ್ಲೇ ಯಾರಿಗೂ ತಿಳೀತಿರಲಿಲ್ಲ.”

ತಲೆ ಅಲ್ಲಾಡಿಸಿದೆ, ಅಲ್ಲ, ಅಲ್ಲ ಅಂತ. ಅವರಿಗೆ ನಾನು ಮರುಗುತ್ತಿರುವ ಹಾಗೆ ಕಂಡಿತು. ನನ್ನ ಎರಡೂ ಕೈ ಹಿಡಿದು, “ನೀವೇನ್ ಮಾಡ್ತೀರಿ ಡಾಕ್ಟ್ರೇ, ಬಿಡಿ” ಎಂದರು. ಹೋಗುವಾಗ, ಮನೆಯಲ್ಲಿ ಹೇಳಲು ನೆನಪಿರಬೇಕು ಎಂದು ಆ ಪುಟ ಕೇಳಿದರು. ಸಿಸ್ಟರ್ ತಡೆಯುವ ಮೊದಲೇ ಕೊಟ್ಟೆ.

ಬಾಗಿಲು ಹಾಕಿಕೊಂಡು ಜಗಳ. ನನ್ನದು ಕಾಗದದ ಮೇಲೆ, ಅವರದು ಬಾಯಲ್ಲಿ. ಯಾರು ಕೊಟ್ಟರು ನಿಮಗೆ ಅಧಿಕಾರ ಎಂದು ಪೆನ್ನು ಒತ್ತಿ ಬರೆದೆ, ಹಾಳೆ ಹರಿಯಿತು.

“ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕೆ ಅವ್ರ ತಲೆ ಮೇಲೆ ಕಲ್ಲು ಹಾಕ್ಬೇಕಾ, ಮೇಡಂ? ಉಳಿದಿರೋ ದಿನ ಅವ್ರು ಅದನ್ನೇ ನೆನೀತಾ ಕೂರ್ಬೇಕಾ?”

 ಈ ಮಾತು ಸುಳ್ಳಲ್ಲ. ನಾನು ಬರೆದದ್ದೂ ಸುಳ್ಳಲ್ಲ.

ಮಾರ್ಚ್ 17, ಸೋಮವಾರ

ಧ್ವನಿ ವಾಪಸು. ದಿನಕ್ಕೆ ಹತ್ತೇ ನಿಮಿಷ. ‘ಆ’ ಎಂದೆ, ಚೆನ್ನಾಗಿದೆ ಎಂದರು ಗಂಟಲಿನ ಡಾಕ್ಟರು. ಮನೆಯವರು ಏನಾದರೂ ಮಾತಾಡು ಎಂದು ಎದುರಿಗೇ ಕೂತರು. ನೀವೇ ಹೇಳಿ ಎಂದೆ.

ಸಿಸ್ಟರ್ ಜೊತೆ ಮಾತಿಲ್ಲ.

ಮಾರ್ಚ್ 19, ಬುಧವಾರ. 3.00

ಮೆಕ್ಯಾನಿಕ್, ಅವರ ಹೆಂಡತಿ ಇಬ್ಬರೂ ಬಂದರು. ಆಕೆಯ ಕಣ್ಣು ಊದಿತ್ತು. ಗಂಡನೇ ಮಾತು ತೆಗೆದರು. ಇವಳು ನಂಬುತ್ತಿಲ್ಲ, ಎಲ್ಲ ತನ್ನಿಂದಲೇ ಆಯಿತು ಎಂದು ಊಟ ಬಿಟ್ಟಿದ್ದಾಳೆ, ಯಾರಿಗೂ ತಿಳಿಯುತ್ತಿರಲಿಲ್ಲ ಅಂತ ನೀವೇ ಒಂದು ಮಾತು ಹೇಳಿ ಎಂದರು.

ಆಕೆ ನೆಲ ನೋಡುತ್ತ ಹೇಳಿದರು. “ತಟ್ಟೇಲಿ ಬಿಡ್ತಿದ್ರು. ನಾನು, ನನ್ನ ಅಡಿಗೆ ಸೇರ್ತಿಲ್ಲ ನಿಮಗೆ ಅಂತ ಜಗಳ ಆಡ್ದೆ. ಮೂರು ತಿಂಗಳು ಬಡಿಸೋವಾಗ ಮಾತೇ ಆಡಿಲ್ಲ. ಅವಾಗ್ಲೇ ಕರ್ಕೊಂಡು ಬಂದಿದ್ರೆ...”

ಚೀಲದಿಂದ ನನ್ನ ಪುಟ ತೆಗೆದು ಮೇಜಿನ ಮೇಲಿಟ್ಟರು. ಬೀದಿಯಲ್ಲಿ ಯಾರಿಗೂ ಓದಲಾಗಲಿಲ್ಲವಂತೆ. ಸಿಸ್ಟರ್ ಕೈ ಚಾಚಿದರು. ನನ್ನನ್ನು ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು.

ಓದಿದೆ. ಒಡೆದ ಧ್ವನಿ, ನನ್ನದೇ ಅಲ್ಲದ ಹಾಗೆ. ಕೊನೆಯ ಸಾಲಿನವರೆಗೂ ಓದಿದೆ. “ಅಮ್ಮಾ, ಇವರು ಸರಿಯಾದ ಹೊತ್ತಿಗೇ ಬಂದಿದ್ರು” ಎಂದೆ.

ಅವರು ಗೋಡೆ ಕಡೆ ತಿರುಗಿ ಕೂತರು. ನನ್ನ ಕೈ ಹಿಡಿದಿದ್ದ ಮನುಷ್ಯ. ಸಿಸ್ಟರ್ ಹೆದರಿದ್ದು ಇದಕ್ಕೇ.

ಆಕೆ ಮಾತ್ರ ತಲೆ ಎತ್ತಿದರು. ಕೂಗಲಿಲ್ಲ. “ಮೂರು ಸಲ ಹೇಳಿದಾಗ ನೀವೇನ್ ಮಾಡ್ತಿದ್ರಿ?” ಎಂದು ಕೇಳಿದರು.

ಏನು ಮಾಡುತ್ತಿದ್ದೆ? ಮುಂದಿನವರ ಕಾರ್ಡ್ ತೆಗೆಯುತ್ತಿದ್ದೆ. ಅದನ್ನೇ ಹೇಳಿದೆ. ಆಕೆ ಏಳಲಿಲ್ಲ. ಇನ್ನೂ ಏನೋ ಹೇಳುತ್ತೇನೆಂದು ನನ್ನ ಬಾಯನ್ನೇ ನೋಡುತ್ತ ಕೂತರು. ನಾನು ಮುಂದಿನವರ ಕಾರ್ಡ್ ಪಕ್ಕಕ್ಕಿಟ್ಟು, ಕುರ್ಚಿ ಎಳೆದು ಆಕೆಯ ಪಕ್ಕ ಕೂತೆ.