ಕೈ ಎತ್ತಿ, ಸಾರ್

ತಮ್ಮಾ, ನಿನ್ನ ನಂಬರ್ ಈಗ ಯಾರದ್ದೋ ಆಗಿದೆ, ಇದನ್ನ ಕಳಿಸೋ ಹಾಗಿಲ್ಲ. ಆದ್ರೂ ಹೇಳದೆ ನನ್ನ ಬಾಯಿ ಸುಮ್ನಿರಲ್ಲ, ಗೊತ್ತಲ್ಲ ನಿಂಗೆ.

ಬೆಳಿಗ್ಗೆ ವಕೀಲರು ಫೋನ್ ಮಾಡಿದ್ರು. ಲಾಕಪ್ಪಲ್ಲಿ ನಿನ್ನನ್ನ ಹೊಡೆದು ಸಾಯಿಸಿದ ಇನ್‌ಸ್ಪೆಕ್ಟರ್ ಮೇಲೆ ಕೇಸು ನಡೆಸೋಕೆ ಸರ್ಕಾರ ಅನುಮತಿ ಕೊಡಲ್ಲವಂತೆ. ಅವನು ಕರ್ತವ್ಯ ಮಾಡ್ತಿದ್ದನಂತೆ. "ಅನುಮತಿ ಇಲ್ಲದೆ ಪೊಲೀಸರ ಮೇಲೆ ಕೇಸು ನಡೆಸೋ ಹಾಗಿಲ್ಲ ಅನ್ನೋ ಈ ಕಾನೂನು ಬದಲಾಗೋವರೆಗೂ ನಮ್ಮ ಕೈ ಕಟ್ಟಿಹಾಕಿದ ಹಾಗೇ, ಯಜಮಾನ್ರೇ" ಅಂದ್ರು.

ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಬಡ್ತಿ ಸಿಕ್ಕಿದೆ, ಹೊಸ ಯೂನಿಫಾರಂ ಬೇಕಂತೆ. ಹೊಲಿಯಲ್ಲ ಅನ್ನೋಕಾಗುತ್ತೇನೋ? ಅಂಗಡಿ ಇರೋದೇ ಠಾಣೆಯ ಕಾಂಪೌಂಡಲ್ಲಿ, ನಿನ್ನ ಮಕ್ಕಳ ಊಟಾನೂ ಇದರಿಂದಾನೇ.

"ಏನ್ ಮಾಸ್ಟ್ರೇ, ಹೊಟ್ಟೆ ಹತ್ರ ಸ್ವಲ್ಪ ಧಾರಾಳವಾಗಿ ಬಿಡಿ, ಮನೆಯವಳ ಕೈರುಚಿ ಜಾಸ್ತಿಯಾಗಿದೆ" ಅಂತ ನಕ್ಕ. ನಾನೂ ನಕ್ಕೆ ಕಣೋ.

"ಹಳೇದೆಲ್ಲ ಮನಸ್ಸಲ್ಲಿ ಇಟ್ಕೊಂಡಿಲ್ಲ ತಾನೇ?" ಅಂದ.

"ಕೈ ಎತ್ತಿ, ಸಾರ್. ಎದೆ ಅಳತೆ ತಗೋಬೇಕು" ಅಂದೆ.

ಎರಡೂ ಕೈ ಮೇಲೆತ್ತಿ, ಗೋಡೆ ಕಡೆ ಮುಖ ಮಾಡಿ ನಿಂತ. ಅಳತೆ ಬೇಗನೇ ಮುಗೀತು. ಆದ್ರೂ ಇಳಿಸಿ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ಟೇಪ್ ಹಿಡ್ಕೊಂಡು ಅವನ ಬೆನ್ನ ಹಿಂದೆ ನಿಂತೇ ಇದ್ದೆ.

ಕೊನೆಗೆ ಅವನೇ "ಆಯ್ತಾ?" ಅಂದ.

"ಆಯ್ತು ಸಾರ್. ಬುಧವಾರ ಬನ್ನಿ" ಅಂದೆ.